ಕಾಗಿ ಅಲ್ಲರೀ, ಮಂಗಟ್ಟಿ!

ದಾಂಡೇಲಿಯ ಕಾಗದ ಕಾರಖಾನೆಯಲ್ಲಿ ಕ್ರೇನ್ ಓಡಿಸುವ ದುಂಡೇಶನ ಎದೆಯ ಮೇಲೆ ಒಂದು ಸೂಜಿ ಇತ್ತು. ಕೆಂಪು ದಾರ ಪೋಣಿಸಿ, ಬನಿಯನ್ನಿನ ಎಡಕ್ಕೆ ಚುಚ್ಚಿಟ್ಟ ಸೂಜಿ. ಚುಚ್ಚಿಟ್ಟವನೂ ಅವನೇ, ಮರೆತವನೂ ಅವನೇ. ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನೆನಪು ಮಾಡಿಕೊಟ್ಟವನು ಮಾತ್ರ ಪಕ್ಕದ ಮನೆಯ ಶೇಖಪ್ಪ.

ಹಿಂದಿನ ದಿನ ಹಗ್ಗ ಜಗ್ಗಾಟದಲ್ಲಿ ದುಂಡೇಶನ ತಂಡ ಅಂಬಿಕಾನಗರದವರನ್ನು ಮಣ್ಣಿನಲ್ಲಿ ಮೂಗು ಹೂಳುವ ಹಾಗೆ ಎಳೆದು ಕೆಡವಿತ್ತು. ತಂಡದ ಕೊನೆಯಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಬಂಡೆಯ ಹಾಗೆ ನಿಂತವನು ದುಂಡೇಶ. ಆ ಖುಷಿಯಲ್ಲಿ ಶೇಖಪ್ಪ ಬಾಗಿಲಿನಲ್ಲೇ ಎರಡೂ ಕೈ ಚಾಚಿ, "ಬಾರಲೇ ನಮ್ಮ ಹುಲೀ!" ಎಂದು ಬಂದು ಅಪ್ಪಿಕೊಂಡ. ಮರುಗಳಿಗೆಯಲ್ಲಿ, "ಯಪ್ಪಾ! ಸತ್ನೋ!" ಎಂದು ಎರಡು ಮಾರು ಹಿಂದಕ್ಕೆ ಹಾರಿದ.

"ಏನಾತೋ?"

"ಏನೋ ಕಡೀತಲೇ! ನಿನ್ನ ಎದಿಯಾಗ ಚೇಳೈತಿ!"

ದುಂಡೇಶ ತಲೆಬಗ್ಗಿಸಿ ನೋಡಿಕೊಂಡ. ಮುಖ ಮೊದಲು ಕೆಂಪಾಗಿ ಆಮೇಲೆ ಬಿಳುಚಿತು. ಸೂಜಿಯನ್ನು ಹೆಬ್ಬೆರಳಿನಲ್ಲಿ ಮುಚ್ಚಿ, "ಗುಂಡಿ ಹಚ್ಚಾಕತ್ತಿದ್ದೆ," ಎಂದ.

ಶೇಖಪ್ಪ ಕಣ್ಣು ಕಿರಿದು ಮಾಡಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಬನಿಯನ್ನಿಗೆ ಯಾವಾಗಿಂದ ಗುಂಡಿ ಬಂದಾವೋ?"

ಶೇಖಪ್ಪನ ಬಾಯಿಗೆ ಬೀಳುವುದೆಂದರೆ ದುಂಡೇಶನಿಗೆ ಕ್ರೇನಿನ ಕೆಳಗೆ ಬಿದ್ದಷ್ಟೇ ಹೆದರಿಕೆ. ಕಾರಖಾನೆಯಲ್ಲಿ ಅರ್ಧ ಜನರಿಗೆ ಅಡ್ಡಹೆಸರು ಇಟ್ಟವನು ಅವನೇ. ಬಿಸಿಲಲ್ಲಿ ಒಂದು ಸಲ ಕೊಡೆ ಹಿಡಿದುಕೊಂಡು ಬಂದ ಪಾಪದ ಅಡಿವೆಯ್ಯ ಹನ್ನೆರಡು ವರ್ಷದಿಂದ 'ಛತ್ರಿ ಸಾಹೇಬ' ಆಗಿಯೇ ಇದ್ದ. ಇನ್ನು ಗೂಳಿಯ ಹೆಗಲು, ಹುರಿಮೀಸೆ ಇರುವ ದುಂಡೇಶ ದಿನಾ ಬೆಳಗ್ಗೆ ನಲ್ಲಿಗೆ ನೀರು ಬರುವ ಹೊತ್ತಿನಲ್ಲಿ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕಸೂತಿ ಹಾಕುತ್ತಾನೆ ಎಂದು ಗೊತ್ತಾದರೆ? ಮೊಮ್ಮಕ್ಕಳ ಮದುವೆಪತ್ರಿಕೆಯಲ್ಲೂ ಅವನ ಹೆಸರಿನ ಮುಂದೆ ಸೂಜಿ ಇರುತ್ತಿತ್ತು.

ಒಳಗಿನಿಂದ ಹೆಂಡತಿ ಸುವರ್ಣಾ ಓಡಿ ಬಂದಳು. ವಿಮಾ ಏಜೆಂಟಳಾದ ಅವಳ ನಾಲಿಗೆ ಎಂಥ ಇಕ್ಕಟ್ಟಿನಲ್ಲೂ ದಾರಿ ಮಾಡಿಕೊಳ್ಳುತ್ತಿತ್ತು. "ಅದು ನನ್ನ ಸೂಜಿರಿ ಅಣ್ಣಾರ. ನಾನ ದಾರ ಪೋಣಿಸಿ ಇವರ ಮೈಮ್ಯಾಲ ಚುಚ್ಚಿಟ್ಟಿದ್ದೆ. ಕಳೀಬಾರದಲ್ಲ."

ಶೇಖಪ್ಪನ ಮುಖ ಅರಳಿತು. "ಹಂಗ ಹೇಳ್ರಿ ಮತ್ತ! ತಯಾರಿ ನಡಸೀರಿ ಅನ್ರಿ. ಇವತ್ತ ಹನ್ನೊಂದಕ್ಕ ನಿಮ್ಮದ ಐತಲ್ಲ ಆಟ."

"ಯಾವ ಆಟರಿ?"

"ನಿಮಗ ನಮ್ಮ ಸಕ್ಕು ಹೇಳೇ ಇಲ್ಲೇನು! ಮಹಿಳಾ ಮಂಡಳದ ಕೈಕೆಲಸದ ಸ್ಪರ್ಧಾಕ್ಕ ನಿಮ್ಮ ಸೀರಿ ಫೋಟೋ ಕಳಿಸ್ಯಾಳ. ನಿನ್ನೆ ರಾತ್ರಿ ಧಾರವಾಡದಿಂದ ಉತ್ತರ ಬಂತಂತ. ಪಹಿಲಾ ನಂಬರ್ ನಿಮ್ಮದ! ವೇದಿಕಿ ಮ್ಯಾಲ ಕುಂತು ಎಲ್ಲಾರ ಮುಂದ ಒಂದು ಬುಟ್ಟಾ ಹಾಕಿ ತೋರಿಸಿದ್ರ ಮುಗೀತು, ಹೊಲಿಗಿ ಮಷೀನು ಮನೀಗೆ!"

ಶೇಖಪ್ಪ ಎದೆ ಉಜ್ಜಿಕೊಳ್ಳುತ್ತ ಹೋದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

ತಪ್ಪು ಯಾರದೆಂದು ಹೇಳುವುದು ಕಷ್ಟ. ಹೋದ ವರ್ಷ ಹಳಿಯಾಳದ ರಸ್ತೆಯಲ್ಲಿ ಸ್ಕೂಟರ್ ಜಾರಿ ಸುವರ್ಣಾ ಕಾಲು ಮುರಿದುಕೊಂಡಳು. ಮೂರು ತಿಂಗಳು ಹಾಸಿಗೆ. ಆಗ ಅವಳ ಮಂಚದ ಪಕ್ಕದಲ್ಲಿ ಕೂತು ದುಂಡೇಶ ಒಂದು ಕರೀ ಇಳಕಲ್ ಸೀರೆಗೆ ಮೊದಲ ಹೊಲಿಗೆ ಹಾಕಿದ್ದ. ಹದಿನಾಲ್ಕು ತಿಂಗಳಿಗೆ ಅದು ಚಂದ್ರಕಾಳಿ ಸೀರೆಯಾಗಿ ಎದ್ದು ನಿಂತಿತು. ಕಪ್ಪು ಒಡಲಿನ ತುಂಬ ಗೋಪುರ, ಆನೆ, ತುಳಸಿಕಟ್ಟೆ, ನಕ್ಷತ್ರ. ಅದನ್ನು ಉಟ್ಟುಕೊಂಡು ಹದಿನೈದು ದಿನದ ಹಿಂದೆ ಹಳಿಯಾಳದ ಒಂದು ನಾಮಕರಣಕ್ಕೆ ಹೋದಾಗ ತೊಟ್ಟಿಲಲ್ಲಿದ್ದ ಕೂಸನ್ನು ಯಾರೂ ನೋಡಲಿಲ್ಲ. ಎಲ್ಲರೂ ಸೆರಗನ್ನೇ ನೋಡಿದರು. "ಯಾರು ಹಾಕಿದ್ದು?" ಎಂದು ಕೇಳಿದಾಗ, ಗಂಡನ ಕಟ್ಟಪ್ಪಣೆ ನೆನಪಾಗಿ, "ನಾನರಿ," ಎಂದಿದ್ದಳು. ಅಷ್ಟೇ. ಶೇಖಪ್ಪನ ಹೆಂಡತಿ ಸಕ್ಕುಬಾಯಿ ಅಲ್ಲೇ ನಾಲ್ಕು ಫೋಟೋ ಹೊಡೆದುಕೊಂಡಿದ್ದಳು.

"ಈಗ ಹೆಂಗರಿ?" ಸುವರ್ಣಾಳ ದನಿ ಸಣ್ಣದಾಯಿತು. "ನಂಗ ಸೂಜ್ಯಾಗ ದಾರ ಪೋಣಿಸಾಕೂ ಬರೂದಿಲ್ಲ."

"ಗೊತ್ತೈತಿ," ಎಂದ ದುಂಡೇಶ. ಮದುವೆಯಾದ ಹೊಸದರಲ್ಲಿ ಅವಳು ಹೊಲಿದಿದ್ದ ಒಂದೇ ಒಂದು ದಿಂಬಿನ ಚೀಲದಲ್ಲಿ ದಿಂಬು ಹೋಗುವ ಬಾಯಿಯನ್ನೂ ಹೊಲಿದುಬಿಟ್ಟಿದ್ದಳು.

ದುಂಡೇಶ ಅಡಿಗೆಮನೆಯಲ್ಲಿ ನಾಲ್ಕು ಸುತ್ತು ಹಾಕಿದ. ಐದನೆಯ ಸುತ್ತಿಗೆ ಉಪಾಯ ಹೊಳೆಯಿತು. "ಕೈ ಸುಟ್ಟುಕೊಂಡೀ ನೀನು. ಒಗ್ಗರಣಿ ಎಣ್ಣಿ ಸಿಡೀತು."

ಹತ್ತು ನಿಮಿಷದಲ್ಲಿ ಸುವರ್ಣಾಳ ಬಲಗೈ ಬಿಳಿ ಪಟ್ಟಿ ಸುತ್ತಿಸಿಕೊಂಡು ಸುಲಿದ ಬಾಳೆದಿಂಡಿನಷ್ಟು ದಪ್ಪಗಾಯಿತು. ನೈಜತೆಗೆಂದು ದುಂಡೇಶ ಮೇಲೆ ಅರಿಶಿನ ಬಳಿದ.

ಒಂಬತ್ತೂವರೆಗೆ ಸಕ್ಕುಬಾಯಿ ಬಂದಳು. ಗುಂಡಗೆ, ಗಡಿಬಿಡಿಯ ಹೆಂಗಸು. ಕಾಲನಿಯಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಒಲೆ ಆರಿಸುವುದಕ್ಕೆ ಅವಳೇ ಮೊದಲು ಬರುತ್ತಿದ್ದಳು. ಪಟ್ಟಿ ನೋಡಿದ್ದೇ ಎದೆಗೆ ಕೈ ಇಟ್ಟುಕೊಂಡು ಕುಸಿದು ಕೂತಳು.

"ಅಯ್ಯ ಶಿವನ! ಇದೇನವ್ವಾ ಸುವರ್ಣಾ! ಇವತ್ತ ಸುಟ್ಟುಕೋಬೇಕೇನು?"

"ನಾ ಬರಾಕ ಆಗೂದಿಲ್ಲ ಸಕ್ಕಕ್ಕ. ನನ್ನ ಹೆಸರು ತಗಸಿಬಿಡ್ರಿ."

"ತಗಸೂದಾ?" ಸಕ್ಕುಬಾಯಿ ಎದ್ದು ನಿಂತಳು. ಅವಳ ಮುಖದ ಬಣ್ಣವೇ ಹೋಗಿತ್ತು. "ಬಿಲ್‌ಕುಲ್ ಆಗೂದಿಲ್ಲ! ನೀ ಬರಲೇಬೇಕು. ನೀ ಬರಲಿಲ್ಲ ಅಂದ್ರ ನನ್ನ ಗತಿ ಏನು? ಅಂದ್ರ, ಕಾಲನಿ ಗತಿ ಏನು ಅಂದೆ. ತಗಿ ಆ ಪಟ್ಟಿ. ಲೋಳಸರ ಹಚ್ಚತೀನಿ, ಹತ್ತು ಮಿನಿಟಿನಾಗ ಆರಾಮ."

ಸಕ್ಕುಬಾಯಿ ಪಟ್ಟಿಯ ತುದಿ ಹಿಡಿದು ಎಳೆದಳು. ಸುವರ್ಣಾ ಕೈಯನ್ನು ಎಳೆದುಕೊಂಡಳು. ಮತ್ತೊಂದು ಹಗ್ಗ ಜಗ್ಗಾಟ ಶುರುವಾಯಿತು. ದುಂಡೇಶ ನಡುವೆ ಹೋಗಿ, "ಗಾಳಿ ತಾಗಬಾರದಂತರಿ ವೈನೀ! ಡಾಕ್ಟರ್ ಹೇಳ್ಯಾರ!" ಎಂದ.

"ಯಾವ ಡಾಕ್ಟರ್? ಇವತ್ತ ಆಯ್ತವಾರ, ದವಾಖಾನಿ ಬಂದ್ ಐತಿ."

"ಫೋನಿನ ಮ್ಯಾಲ ಹೇಳಿದ್ರು."

ಸಕ್ಕುಬಾಯಿ ಒಂದು ಗಳಿಗೆ ಯೋಚಿಸಿ ತೀರ್ಪು ಕೊಟ್ಟಳು. "ಕೈ ಸುಟ್ಟೈತಿ, ಬಾಯಿ ಸುಟ್ಟಿಲ್ಲಲಾ? ವೇದಿಕಿ ಮ್ಯಾಲ ಕುಂತು ಬಾಯಿಲೆ ಹೇಳು, ಹೆಂಗ ಹಾಕಿದಿ ಅಂತ. ನಾ ಈಗ ಹೋಗಿ ಮಂಡಳದ ಸುಮಿತಾ ಮೇಡಂಗ ಹೇಳಿ ಒಪ್ಪಸ್ತೀನಿ. ಸೀರಿ ತಗೊಂಡು ಹನ್ನೊಂದಕ್ಕ ಬಾ. ಬರಲಿಲ್ಲ ಅಂದ್ರ ನಾನ ಹೊತ್ತುಕೊಂಡು ಹೋಗತೀನಿ ನೋಡು!"

ಅವಳು ಹೊತ್ತುಕೊಂಡು ಹೋಗುವವಳೇ ಎಂಬುದರಲ್ಲಿ ಇಬ್ಬರಿಗೂ ಅನುಮಾನ ಇರಲಿಲ್ಲ.

ಉಳಿದ ಒಂದು ತಾಸಿನಲ್ಲಿ ದುಂಡೇಶ ಹೆಂಡತಿಗೆ ಕಸೂತಿಯ ನಾಲ್ಕು ಹೊಲಿಗೆಗಳ ಪಾಠ ಹೇಳಿದ. ಗವಂತಿ ಅಂದರೆ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಮುರ್ಗಿ ಅಂದರೆ ಮೆಟ್ಟಿಲು. ನೇಯ್ಗಿ ಅಂದರೆ ನೇಯ್ದ ಹಾಗೆ ಕಾಣುವುದು. ಮೆಂತಿ ಅಂದರೆ ಮೆಂತೆಕಾಳು ಚೆಲ್ಲಿದ ಹಾಗೆ. ಗಂಟು ಹಾಕುವಂತಿಲ್ಲ, ಪೆನ್ಸಿಲ್ಲಿನಿಂದ ಗೀಚುವಂತಿಲ್ಲ, ಬರೀ ಎಳೆ ಎಣಿಸಬೇಕು. ಸುವರ್ಣಾ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ, "ಮೆಂತಿ ಸೀರ್ಯಾಗ ಯಾಕ ಬಂತು?" ಎಂದಳು.

ದುಂಡೇಶ ಪಾಠ ನಿಲ್ಲಿಸಿ, ಅವಳ ಕಿವಿಗೆ ಒಂದು ಸಣ್ಣ ಇಯರ್‌ಫೋನ್ ಸಿಕ್ಕಿಸಿ, ಮೇಲೆ ಸೆರಗು ಹೊದಿಸಿದ. "ನಾ ಹಿಂದ ಕುಂತು ಫೋನಿನಾಗ ಹೇಳತೀನಿ. ಕೇಳಿಸಿದ್ದಷ್ಟ ಅಂದುಬಿಡು. ನಿಂದ ಒಂದ ಅಕ್ಷರ ಸೇರಸಬ್ಯಾಡ."

ಸಮುದಾಯ ಭವನ ತುಂಬಿ ತುಳುಕುತ್ತಿತ್ತು. ಬಾಗಿಲ ಹತ್ತಿರ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನವರು ಡ್ರ್ಯಾಗನ್ ಇರುವ ಗಾಲೀಚೆ ಹಾಸಿದ್ದರು. ಎದುರಿಗೆ ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆಯ ತುಂಡು ಜೋಡಿಸಿ ಹೊಲಿದ ಹತ್ತು ಬಣ್ಣದ ಕೌದಿಗಳನ್ನು ಹಗ್ಗಕ್ಕೆ ತೂಗುಹಾಕಿದ್ದರು. ಗೋಡೆಯೇ ನಗುತ್ತಿರುವಂತೆ ಇತ್ತು. ಇವೆಲ್ಲ ಮಾರಾಟಕ್ಕೆ. ಸ್ಪರ್ಧೆಗೆ ಬಂದ ಕಾಲನಿಯ ಹೆಂಗಸರ ಕೆಲಸ ವೇದಿಕೆಯ ಮೇಲೆ ಇತ್ತು. ನಡುವೆ ದುಂಡೇಶನ ಚಂದ್ರಕಾಳಿ, ಅದರ ಪಕ್ಕದಲ್ಲಿ ಸಕ್ಕುಬಾಯಿಯ ಕೌದಿ, ಆಮೇಲೆ ಉಲ್ಲನ್ನಿನ ಟೊಪ್ಪಿಗೆ, ಮಣಿಯ ಗಿಳಿ, ಇನ್ನೂ ಏನೇನೋ.

ತೀರ್ಪುಗಾರರು ಧಾರವಾಡದ ಶಾಂತಾದೇವಿ. ಎಪ್ಪತ್ತು ದಾಟಿದ ತೆಳ್ಳನೆಯ ಮುದುಕಿ. ಜಗತ್ತಿನಲ್ಲಿ ಎಲ್ಲಿ ಸೂಜಿ ಇದೆಯೋ ಅಲ್ಲಿಗೆ ಹೋಗಿ ಬಂದವರು ಎಂದು ಸುಮಿತಾ ಮೇಡಂ ಪರಿಚಯ ಮಾಡಿಕೊಟ್ಟರು. ಸುಮಿತಾ ಮೇಡಂ ಮಂಡಳದ ಅಧ್ಯಕ್ಷೆ, ಕಾರಖಾನೆಯ ದೊಡ್ಡ ಸಾಹೇಬರ ಹೆಂಡತಿ. ಶಾಂತಾದೇವಿ ಕೊರಳಿನ ಭೂತಗನ್ನಡಿಯನ್ನು ಸೀರೆಯ ಮೇಲೆ ಹಿಡಿದು, ಉಸಿರು ಬಿಡದೆ ಕಾಲು ಗಂಟೆ ನೋಡಿದರು. ಆಮೇಲೆ ಪಟ್ಟಿ ಕಟ್ಟಿದ ಸುವರ್ಣಾಳ ಕಡೆಗೆ ತಿರುಗಿ ಮೈಕು ಹತ್ತಿರ ತಂದರು.

"ಇರ್ಲಿ ತಂಗಿ, ಕೈ ಆರಾಮ ಆಗ್ಲಿ. ಬಾಯಿಲೆ ಹೇಳು. ಈ ಗೋಪುರಕ್ಕ ಯಾವ ಹೊಲಿಗಿ?"

ಕೊನೆಯ ಸಾಲಿನಲ್ಲಿ ಕೂತ ದುಂಡೇಶ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಫೋನಿಗೆ ಪಿಸುಗುಟ್ಟಿದ. "ಗವಂತಿ."

"ಗವಂತಿರಿ," ಎಂದಳು ಸುವರ್ಣಾ.

"ಒಂದು ಹೊಲಿಗಿಗೆ ಎಷ್ಟು ಎಳಿ?"

"ನಾಕು."

"ನಾಕರಿ."

"ಭೇಷ್! ಎರಡೂ ಮಗ್ಗಲಾ ಒಂದ ನಮೂನಿ ಬಂದಾವ. ದಾರದ ತುದಿ ಎಲ್ಲಿ ಮುಚ್ಚಿಟ್ಟೀ?"

"ಮೊದಲ ಹೊಲಿಗಿ ಅಡ್ಯಾಗ, ಗಂಟಿಲ್ಲದ."

ಸುವರ್ಣಾ ಅದನ್ನೂ ಒಪ್ಪಿಸಿದಳು. ಸಭೆ ಚಪ್ಪಾಳೆ ಹೊಡೆಯಿತು. ಸುವರ್ಣಾಳಿಗೆ ಧೈರ್ಯ ಬಂದು ಬೆನ್ನು ನೆಟ್ಟಗಾಯಿತು. ದುಂಡೇಶನ ಎದೆಯೂ ಉಬ್ಬಿತು. ಆ ಚಪ್ಪಾಳೆ ತನ್ನದು ಎಂದು ಅವನೊಬ್ಬನಿಗೇ ಗೊತ್ತು. ಅದು ಸುಖವೋ ಸಂಕಟವೋ ಎಂದು ಮಾತ್ರ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಕುರ್ಚಿ ಕಿರ್ರೆಂದಿತು. ಶೇಖಪ್ಪ ಬಂದು ಕೂತಿದ್ದ.

"ಲೇ ದುಂಡ್ಯಾ, ಊಟಕ್ಕ ಏನೈತೋ? ವಾಸನಿ ಬರಾಕತ್ತೈತಿ."

ದುಂಡೇಶ ಸುಮ್ಮನಿರು ಎಂದು ಕೈ ಮಾಡಿದ.

ವೇದಿಕೆಯ ಮೇಲೆ ಶಾಂತಾದೇವಿ, "ಈ ಅಂಚಿನಾಗ ಏನು ಹಾಕೀ?" ಎಂದು ಕೇಳುತ್ತಿದ್ದರು.

ಶೇಖಪ್ಪ ಫೋನಿನ ಹತ್ತಿರವೇ ಮುಖ ತಂದು ತಾನೇ ಉತ್ತರ ಕೊಟ್ಟುಕೊಂಡ. "ಬದನಿಕಾಯಿ ಎಣ್ಣಿಗಾಯಿ ಅನಸ್ತೈತಿ."

"ಬದನಿಕಾಯಿ ಎಣ್ಣಿಗಾಯಿರಿ," ಎಂದಳು ಸುವರ್ಣಾ, ಮೈಕಿನಲ್ಲಿ, ಸ್ಪಷ್ಟವಾಗಿ.

ಶಾಂತಾದೇವಿ ಭೂತಗನ್ನಡಿ ಹಿಡಿದು ಅಂಚನ್ನು ಮತ್ತೆ ನೋಡಿದರು. "ಬದನಿಕಾಯಿ? ನಾ ಇದನ್ನ ಬಟ್ಟಲು ಅಂತ ಮಾಡಿದ್ದೆ. ಹೌದೌದು, ತೊಟ್ಟು ಕಾಣತೈತಿ." ಎಂದು ಪುಸ್ತಕದಲ್ಲಿ ಬರೆದುಕೊಂಡರು.

ದುಂಡೇಶ ತಲೆ ಚಚ್ಚಿಕೊಂಡ. ಶೇಖಪ್ಪನಿಗೆ ಆಗ ಫೋನು ಕಂಡಿತು. "ಯಾರ ಜೋಡಿ ಮಾತಾಡಾಕತ್ತೀಯೋ ಕದ್ದುಮುಚ್ಚಿ? ತೋರಸು!" ಎಂದು ಕಸಿದುಕೊಂಡ. ಕಸಿಯುವಾಗ ಬೆರಳು ಎಲ್ಲಿಗೆ ತಾಗಿತೋ, ಕರೆ ಕಡಿದುಹೋಯಿತು.

ವೇದಿಕೆಯ ಮೇಲೆ ಸುವರ್ಣಾ ಒಬ್ಬಳೇ ಆದಳು.

ಶಾಂತಾದೇವಿ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಸಭೆಗೆ ತೋರಿಸಿದರು. ಸೆರಗಿನ ನಡುವೆ ಸಾಮಾನ್ಯವಾಗಿ ನವಿಲು ಇರುವ ಜಾಗದಲ್ಲಿ ಬೇರೊಂದು ಹಕ್ಕಿ ಇತ್ತು. ಹಳದಿಯ ದೊಡ್ಡ ಕೊಕ್ಕು, ಕೊಕ್ಕಿನ ಮೇಲೆ ಟೊಪ್ಪಿಗೆಯಂಥ ಕೊಂಬು, ಕಪ್ಪು ಬಟ್ಟೆಯಲ್ಲೇ ಮೈ ಬಿಟ್ಟು ಬಿಳಿಯಲ್ಲಿ ಬರೆದ ರೆಕ್ಕೆ.

"ಐವತ್ತು ವರ್ಷ ಕಸೂತಿ ನೋಡೀನಿ ತಂಗಿ. ಈ ಹಕ್ಕಿ ಎಲ್ಲೂ ನೋಡಿಲ್ಲ. ಯಾವುದಿದು?"

ಸುವರ್ಣಾ ಕಿವಿಗೊಟ್ಟಳು. ಕಿವಿಯಲ್ಲಿ ಮೌನ. ಸೆರಗು ನೋಡಿದಳು. ಕಪ್ಪು ಹಕ್ಕಿ. ಏಜೆಂಟಳ ನಾಲಿಗೆ ಸುಮ್ಮನಿರುವುದನ್ನು ಕಲಿತಿರಲಿಲ್ಲ.

"ಕಾಗಿರಿ," ಎಂದಳು.

ಸಭೆ ಗೊಳ್ಳೆಂದಿತು. ಶೇಖಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು ತೊಡೆ ತಟ್ಟಿದ. ಶಾಂತಾದೇವಿಯವರ ಪೆನ್ನು ಪುಸ್ತಕದ ಮೇಲೆ ಬಂದು ನಿಂತಿತು.

ದುಂಡೇಶನ ಒಳಗೆ ಏನೋ ಹರಿದ ಹಾಗಾಯಿತು. ಆ ಒಂದು ಕೊಕ್ಕಿಗೆ ಅವನು ಹನ್ನೊಂದು ದಿನ ಹಿಡಿದಿದ್ದ. ಎರಡು ಎಳೆ ತಪ್ಪಿತೆಂದು ಒಂದಿಡೀ ರೆಕ್ಕೆ ಬಿಚ್ಚಿ ಮತ್ತೆ ಹಾಕಿದ್ದ. ಬದನೆಕಾಯಿಯನ್ನು ನುಂಗಿಕೊಂಡಿದ್ದ, ಇದನ್ನು ನುಂಗಲಾಗಲಿಲ್ಲ. ಅವನು ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ. ಕಾರಖಾನೆಯಲ್ಲಿ ಕ್ರೇನಿನ ಮೇಲಿಂದ ಕೂಗುವ ದನಿಯಲ್ಲಿ ಕೂಗಿದ.

"ಕಾಗಿ ಅಲ್ಲರೀ ಅದು! ಮಂಗಟ್ಟಿ! ಮಂಗಟ್ಟಿ ಹಕ್ಕಿ! ಹಾರ್ನ್‌ಬಿಲ್!"

ಮುನ್ನೂರು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

"ನೀವು ಯಾರಪಾ?" ಎಂದರು ಶಾಂತಾದೇವಿ.

"ನಾನು..." ದುಂಡೇಶನ ದನಿ ಇಳಿಯಿತು. ಕುಳಿತುಬಿಡಬಹುದಿತ್ತು. ಹೆಂಡತಿ ಅಲ್ಲಿ ಮೇಲೆ, ಅರಿಶಿನದ ಕೈ ಹಿಡಿದುಕೊಂಡು, ಅವನನ್ನೇ ನೋಡುತ್ತಿದ್ದಳು; ಅವನ ಗುಟ್ಟು ಕಾಯುವುದಕ್ಕೆ ಹೋಗಿ ಮುನ್ನೂರು ಜನರ ನಗೆಯ ನಡುವೆ ಕೂತಿದ್ದಳು. "ನಾನರಿ ಅದನ್ನ ಹಾಕಿದಾಂವ. ಸೀರಿ ಪೂರಾ ನಂದ. ಆಕಿಗೆ ಏನೂ ಗೊತ್ತಿಲ್ಲ. ಆಕಿ ಕೈ ಸುಟ್ಟೂ ಇಲ್ಲ."

ಶೇಖಪ್ಪನ ನಗೆ ಅರ್ಧದಲ್ಲಿ ನಿಂತಿತು. "ಲೇ, ಹುಚ್ಚ ಹಿಡೀತೇನೋ ನಿನಗ? ಕುಂದರಲೇ!" ಎಂದು ಅಂಗಿ ಹಿಡಿದು ಎಳೆದ. ಗೂಳಿಯನ್ನು ಎಳೆದಂತಾಯಿತು. ದುಂಡೇಶ ಆಗಲೇ ವೇದಿಕೆಯ ಕಡೆಗೆ ಹೊರಟಿದ್ದ.

"ಮಾತು ಬ್ಯಾಡ. ಸೂಜಿ ತಗೊಳ್ರಿ," ಎಂದರು ಶಾಂತಾದೇವಿ.

ಸ್ಪರ್ಧೆಗೆಂದು ಇಟ್ಟಿದ್ದ ಕರೀ ಬಟ್ಟೆಯ ತುಂಡು, ಸೂಜಿ, ನಾಲ್ಕು ಬಣ್ಣದ ದಾರ. ದುಂಡೇಶ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬಾಳೆಕಾಯಿಯಂಥ ಬೆರಳುಗಳಲ್ಲಿ ಸೂಜಿ ಕಾಣಿಸುತ್ತಲೇ ಇರಲಿಲ್ಲ. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಅವನ ಬೆರಳು ಓಡತೊಡಗಿದವು.

ಒಂದು, ಎರಡು, ಮೂರು, ನಾಕು, ಕೆಳಗೆ. ಒಂದು, ಎರಡು, ಮೂರು, ನಾಕು, ಮೇಲೆ. ಹೋಗುವಾಗ ಬಟ್ಟೆಯ ಮೇಲೆ ಬಿಡಿಬಿಡಿ ಚುಕ್ಕಿ ಗೆರೆಗಳು, ಇರುವೆ ಸಾಲು ತಪ್ಪಿದ ಹಾಗೆ. ತಿರುಗಿ ಬರುವಾಗ ಬಿಟ್ಟ ಜಾಗವೆಲ್ಲ ತುಂಬಿ ಗೋಪುರದ ಒಂದು ಮೆಟ್ಟಿಲು ಎದ್ದಿತು. ಮತ್ತೊಂದು. ಮತ್ತೊಂದು. ಬಾಯಿಗೆ ಒತ್ತಿದ್ದ ಸೆರಗುಗಳು ಕೆಳಗೆ ಇಳಿದವು.

"ಯಾರು ಕಲಿಸಿದ್ರು?" ಶಾಂತಾದೇವಿ ಮೆಲ್ಲಗೆ ಕೇಳಿದರು.

"ನಮ್ಮ ಅಮ್ಮ. ತಾಯಿಯ ತಾಯಿ, ಗುರುಸಿದ್ದವ್ವ ಅಂತರಿ. ಆಕಿಗೆ ಕಣ್ಣು ಹೋಗಿದ್ದುವು. ನಾ ಎಳಿ ಎಣಿಸಿ ಹೇಳತಿದ್ದೆ, ಆಕಿ ಚುಚ್ಚತಿದ್ಳು. ಒಂದಿನ ಎಣಿಸಿ ಹೇಳೂ ಬದಲಿ ನಾನ ಚುಚ್ಚಿಬಿಟ್ಟೆ. ಬೆರಳಿಲೆ ಸವರಿ ನೋಡಿ, 'ಇದು ನನ್ನ ಹೊಲಿಗಿನೋ ನಿಂದೋ ಗೊತ್ತಾಗವಲ್ದು' ಅಂದ್ಳರಿ." ದುಂಡೇಶ ಸೂಜಿ ನಿಲ್ಲಿಸಲಿಲ್ಲ. "ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಂಗ ಯಾರೂ ಕೊಟ್ಟಿಲ್ಲ."

"ಮತ್ತ ನವಿಲಿನ ಜಾಗಾದಾಗ ಮಂಗಟ್ಟಿ ಯಾಕ?"

ದುಂಡೇಶ ಹೆಂಡತಿಯ ಕಡೆಗೆ ನೋಡದೆ ಹೇಳಿದ. "ಗಣೇಶಗುಡಿ ಕಡೆ ಕಾಡಿನಾಗ ನೋಡೀನ್ರಿ. ಹೆಣ್ಣು ಮರದ ಪೊಟರ್‍ಯಾಗ ಬಾಗಲಾ ಮುಚಕೊಂಡು ಕುಂತಿರತೈತಿ. ಗಂಡು ತಿಂಗಳಾನಗಟ್ಲೆ ಹಣ್ಣು ತಂದು ತಂದು ಉಣಸ್ತೈತಿ. ಈಕಿ ಕಾಲು ಮುರಕೊಂಡು ಮಲಗಿದ್ದಾಗ ಹೊಲಿಯಾಕ ಹಿಡದ ಸೀರಿ ಇದು. ನವಿಲು ಬರೇ ಕುಣೀತೈತ್ರಿ. ಅದಕ್ಕ ಇದನ್ನ ಹಾಕಿದೆ."

ಸುವರ್ಣಾ ಪಟ್ಟಿಯ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಮುಖವೆಲ್ಲ ಅರಿಶಿನವಾಯಿತು.

ಶಾಂತಾದೇವಿ ಮೈಕು ಹಿಡಿದು ಸಭೆಯ ಕಡೆಗೆ ತಿರುಗಿದರು.

"ನಗತಿದ್ರಲ್ಲ ಈಗ? ಕೇಳ್ರಿ. ಕಾಶ್ಮೀರದ ಶಾಲಿನ ಮ್ಯಾಲ ಸಣ್ಣ ಸೂಜಿ ಕೆಲಸ ಮಾಡೋರು ಗಂಡಸರು. ಆಫ್ರಿಕಾದ ಘಾನಾದಾಗ ರಾಜರು ಹೊದಿಯೂ ಬಟ್ಟಿ ನೇಯ್ಕೊಂಡು ಬಂದೋರು ಗಂಡಸರು. ಪೆರು ದೇಶದಾಗ ಒಂದು ದೊಡ್ಡ ಕೆರಿ ಐತಿ, ಅದರ ನಡುವ ಒಂದು ದ್ವೀಪ. ಅಲ್ಲೆ ಹುಡುಗ ತನ್ನ ಟೊಪ್ಪಿಗಿ ತಾನ ಹೆಣೀಬೇಕು. ಹೆಣ್ಣಿನ ಅಪ್ಪ ಆ ಟೊಪ್ಪಿಗ್ಯಾಗ ನೀರು ಹಾಕಿ ಸೋರತೈತೇನು ಅಂತ ನೋಡತಾನಂತ! ಅಷ್ಟು ಬಿಗಿ ಇದ್ರನ ಮಗಳನ್ನ ಕೊಡೂದು. ನಮ್ಮ ಗವಂತಿ ಹೊಲಿಗಿ ಐತಲ್ಲ, ಅಂಥಾದ್ದನ್ನ ಸ್ಪೇನಿನಾಗ, ಇಂಗ್ಲೆಂಡಿನಾಗ ಕರೀ ದಾರದಾಗ ಹಾಕಿದ್ದು ನೋಡೀನಿ. ಅವನ್ನ ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ನಮ್ಮ ಗುರುಸಿದ್ದವ್ವನ ಹೆಸರು ಯಾರೂ ಬರದಿಟ್ಟಿಲ್ಲ. ಇವತ್ತ ನಾ ಬರಕೊಂತೀನಿ. ಅಕಿ ಹೊಲಿಗಿ ಈ ಕೈಯಾಗ ಜೀವಂತ ಐತಿ."

ಅವರು ಸೆರಗನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಭವನದ ತಗಡು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಸಿದ್ದಿ ಹೆಣ್ಣುಮಕ್ಕಳು ಎದ್ದು ನಿಂತು ಚಪ್ಪಾಳೆ ಹೊಡೆದರು. ಛತ್ರಿ ಸಾಹೇಬ ಅಡಿವೆಯ್ಯ ಕುರ್ಚಿಯ ಮೇಲೆ ಹತ್ತಿ ಸಿಳ್ಳೆ ಹಾಕಿದ. ದುಂಡೇಶ ತಲೆ ಎತ್ತಿದ. ಐವತ್ತೆರಡು ವರ್ಷದ ಬದುಕಿನಲ್ಲಿ, ಎಷ್ಟು ಹಗ್ಗ ಎಳೆದು ಗೆದ್ದಾಗಲೂ, ಇಂಥ ಚಪ್ಪಾಳೆ ಅವನ ಕಿವಿಗೆ ಬಿದ್ದಿರಲಿಲ್ಲ. ಮೀಸೆ ತಾನೇ ಮೇಲಕ್ಕೆ ಎದ್ದಿತು.

ಚಪ್ಪಾಳೆ ತಣ್ಣಗಾದ ಮೇಲೆ ಸುಮಿತಾ ಮೇಡಂ ಕೆಮ್ಮಿದರು. ಅವರ ಕೈಯಲ್ಲಿ ಒಂದು ಹಾಳೆ ಇತ್ತು.

"ಭಾಳ ಚೊಲೋ ಆತು ದುಂಡೇಶ ಅವರೇ. ನಮಗೆಲ್ಲಾ ಹೆಮ್ಮಿ. ಆದ್ರ ನಿಯಮದಾಗ ಒಂದ ಸಾಲೈತಿ. 'ಸ್ಪರ್ಧೆ ಮಹಿಳೆಯರಿಗೆ ಮಾತ್ರ'."

"ಆ ಸಾಲು ಹೊಡದು ಹಾಕ್ರಿ!" ಎಂದರು ಶಾಂತಾದೇವಿ.

"ಖಂಡಿತ ಹೊಡದು ಹಾಕೂಣು ಮೇಡಂ. ಮುಂದಿನ ವರ್ಷ. ಈ ವರ್ಷದ್ದು ಅಚ್ಚಾಗಿಬಿಟ್ಟೈತಿ." ಅವರು ಹಾಳೆ ತಿರುಗಿಸಿದರು. "ಹಂಗಾಗಿ ಎರಡನೇ ನಂಬರ್ ಬಂದವರಿಗೆ ಮೊದಲನೇ ಬಹುಮಾನ. ಕೌದಿ ಹೊಲಿದ ಶ್ರೀಮತಿ ಸಕ್ಕುಬಾಯಿ ಶೇಖಪ್ಪ! ಪ್ರಾತ್ಯಕ್ಷಿಕೆ ಹೆಂಗೂ ದುಂಡೇಶ ಅವರದ ಆತು, ಮತ್ತೊಂದು ಬ್ಯಾಡ. ಊಟ ಆರಾಕತ್ತೈತಿ."

ಸಕ್ಕುಬಾಯಿ ಬಹುಮಾನಕ್ಕೆ ತನ್ನ ಹೆಸರು ಕೇಳಿದಾಗ ಗೋಡೆ ಹಿಡಿದುಕೊಂಡಳು. ಪ್ರಾತ್ಯಕ್ಷಿಕೆ ಇಲ್ಲ ಎಂದು ಕೇಳಿದಾಗ ಗೋಡೆ ಬಿಟ್ಟು ಓಡಿಬಂದಳು. ಹೊಲಿಗೆ ಮಷೀನನ್ನು ಕಾಲನಿಯವರೆಗೆ ಹೊತ್ತು ತಂದವನು ದುಂಡೇಶನೇ. ಅಷ್ಟು ಭಾರ ಎತ್ತುವವರು ಬೇರೆ ಯಾರೂ ಇರಲಿಲ್ಲ.

ಸಂಜೆ ಐದರ ಹೊತ್ತಿಗೆ ಶೇಖಪ್ಪ ಹಿತ್ತಲ ಬಾಗಿಲಿನಿಂದ ಬಂದ. ಬಂದವನು ಅಡ್ಡಹೆಸರು ಇಡಲಿಲ್ಲ, ನಗಲಿಲ್ಲ. ಮಣೆ ಎಳೆದು ಹತ್ತಿರ ಕೂತ.

"ದುಂಡ್ಯಾ, ಒಂದ ಮಾತು. ಮೂರನೇ ಕಿವಿಗೆ ಬೀಳಬಾರದು. ಆಣಿ ಮಾಡು."

"ಯಾರ ಮ್ಯಾಲ?"

"ನಿಮ್ಮ ಗುರುಸಿದ್ದವ್ವನ ಮ್ಯಾಲ."

ದುಂಡೇಶ ಆಣೆ ಮಾಡಿದ. ಶೇಖಪ್ಪ ಎಡಗೈಯ ಬೆರಳುಗಳನ್ನು ಅಗಲಿಸಿ ಮುಂದೆ ಚಾಚಿದ. ತುದಿಗಳೆಲ್ಲ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿ, ತೂತಿನ ಜರಡಿಯಂತೆ ಇದ್ದವು.

"ಆ ಕೌದಿ ನಾ ಹೊಲಿದದ್ದಲೇ."

ದುಂಡೇಶ ಬೆರಳು ನೋಡಿ, ಮುಖ ನೋಡಿ, ಮತ್ತೆ ಬೆರಳು ನೋಡಿದ.

"ಹೆಂಗ ನೋಡತೀಯಲೇ ಹಂಗ? ಆಯ್ತವಾರ ಬಾಗಲಾ ಹಾಕ್ಕೊಂಡು ಟೀವಿಯಾಗ ಮ್ಯಾಚ್ ಹಚ್ಚಿ ಆವಾಜ್ ದೊಡ್ಡದು ಮಾಡಿಟ್ಟು ಹೊಲೀತೀನಿ. ನಮ್ಮಾಕಿಗೆ ಟಾಕಾ ಹಾಕಾಕ ಬರೂದಿಲ್ಲ. ಆದ್ರ ಹಟಾ ಮಾಡಿ ಸ್ಪರ್ಧಾಕ್ಕ ಕೊಟ್ಟಳು. ಆಮ್ಯಾಲ ಗೊತ್ತಾತು, ಮೊದಲನೇ ನಂಬರ್ ಬಂದಾಕಿ ಕುಂತು ಹೊಲಿದು ತೋರಸಬೇಕು ಅಂತ. ಜೀವಾನ ಹೋತು ನಮ್ಮದು. ಅದಕ್ಕ ಸುವರ್ಣಕ್ಕನ ಸೀರಿ ಫೋಟೋ ಕಳಿಸಿದ್ಳು. ಅದು ಇದ್ರ ನಾವು ಹೆಂಗೂ ಎರಡನೇದು, ಒಂದ ಸ್ಟೀಲ್ ಡಬ್ಬಿ ತಗೊಂಡು ಸುಮ್ಮ ಮನೀಗೆ ಬರಬಹುದು ಅಂತ."

ದುಂಡೇಶನಿಗೆ ಸಿಟ್ಟು ಮೂಗಿನ ತುದಿಯವರೆಗೆ ಬಂತು. ಬಂದು, ಅಲ್ಲಿಯೇ ನಿಂತಿತು. ವೇದಿಕೆಯ ಮೇಲೆ ಕೌದಿಯನ್ನು ಅವನೂ ನೋಡಿದ್ದ. ನೋಡಿ ಮನಸ್ಸಿನಲ್ಲೇ ಮೆಚ್ಚಿದ್ದ.

"ಆ ಮೂಲಿಗೆ ಟಾಕಾ ತಿರುಗಿಸೀಯಲ್ಲ," ಎಂದ ಮೆಲ್ಲಗೆ, "ಒಂದೂ ಸೊಟ್ಟ ಇಲ್ಲ. ಹೆಂಗ ತಿರುಗಿಸಿದಿ?"

ಶೇಖಪ್ಪನ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. "ನೋಡಿದೇನು ನೀ ಅದನ್ನ! ಹೊರಗಿಂದ ಒಳಗ ಸುತ್ತಕೋಂತ ಬರಬೇಕು, ನಡುವ ದಾರ ಹರೀಬಾರದು. ನಮ್ಮವ್ವ ಹಂಗ ಮಾಡತಿದ್ಳು."

ಇಬ್ಬರೂ ತಲೆಗೆ ತಲೆ ತಾಗಿಸಿ ಕಾಲು ಗಂಟೆ ದಾರದ ದಪ್ಪ, ಸೂಜಿಯ ನಂಬರು, ಹಳೇ ಧೋತರದ ಮೆದುತನ ಇವನ್ನೇ ಮಾತಾಡಿದರು. ಇಪ್ಪತ್ತು ವರ್ಷದ ನೆರೆಮನೆಯಲ್ಲಿ ಅವರು ಮಾತಾಡಿದ ಮೊದಲ ನಿಜವಾದ ಮಾತು ಅದು.

"ನೀನೂ ನಾಳೆ ಎಲ್ಲಾರ ಮುಂದ ಹೇಳಿಬಿಡೋ," ಎಂದ ದುಂಡೇಶ. "ಒಬ್ಬನ ಇದ್ರ ನಗತಾರ. ಇಬ್ಬರಾದ್ರ..."

"ಆಣಿ ಮಾಡೀದಿ!" ಶೇಖಪ್ಪ ಗಾಬರಿಯಿಂದ ಎದ್ದ. "ಮಷೀನು ವಾಪಸ್ ಹೋಗತೈತಿ!"

ಆಗ ಮುಂಬಾಗಿಲು ಬಡಿಯಿತು. ಸುವರ್ಣಾ ತೆರೆದಳು. ಅಂಗಳದಲ್ಲಿ ಕಾಲನಿಯ ಹನ್ನೆರಡು ಹದಿಮೂರು ಹೆಂಗಸರು ನಿಂತಿದ್ದರು. ಎಲ್ಲರ ಕೈಯಲ್ಲೂ ಕರೀ, ನೀಲಿ, ಕೆಂಪು ಕುಬ್ಸದ ಬಟ್ಟೆ.

"ದುಂಡಣ್ಣಾ, ನನ್ನ ತೋಳಿಗೆ ಎರಡ ಆನಿ!"

"ನಂಗ ಮಂಗಟ್ಟಿ!"

"ಮದುವಿ ಇನ್ನ ಎಂಟ ದಿನಾ ಐತಿ, ನಂದು ಮೊದಲು!"

ದುಂಡೇಶ ಸಹಾಯಕ್ಕೆಂದು ಶೇಖಪ್ಪನ ಕಡೆಗೆ ತಿರುಗಿದ. ಶೇಖಪ್ಪ ಅಲ್ಲಿ ಇರಲಿಲ್ಲ. ಹಿತ್ತಲಿನಿಂದ ಸುತ್ತಿಕೊಂಡು ಅಂಗಳಕ್ಕೆ ಬಂದು, ಹೆಂಗಸರ ನಡುವೆ ನಿಂತು, ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ ಕೂಗುತ್ತಿದ್ದ. "ಬರ್ರಿ, ಬರ್ರಿ, ಸಾಲು ಹಚ್ಚರಿ! ದುಂಡವ್ವ ಟೇಲರಮ್ಮನ ಅಂಗಡಿ ಸುರು ಆತು!"

ಹೆಂಗಸರು ಬಿದ್ದುಬಿದ್ದು ನಕ್ಕರು. ದುಂಡೇಶ ಬಾಯಿ ತೆರೆದ. ಅಮ್ಮನ ಆಣೆ ಗಂಟಲಿಗೆ ಅಡ್ಡ ಬಂತು. ಬಾಯಿ ಮುಚ್ಚಿ, ಮೀಸೆ ತಿರುವಿ, ಚಾಪೆ ಹಾಸಿ ಕೂತ.

"ಒಬ್ಬೊಬ್ಬರ ಬರ್ರಿ ತಂಗ್ಯಾರ. ಎಳಿ ಎಣಿಸೂದೈತಿ, ಗದ್ದಲಾ ಮಾಡಬ್ಯಾಡ್ರಿ."

ಎಲ್ಲರನ್ನೂ ಮೊಣಕೈಯಿಂದ ಸರಿಸಿ ಮುಂದೆ ಬಂದು ಕೂತವಳು ಸಕ್ಕುಬಾಯಿ. ಅವಳ ಕೈಯಲ್ಲಿ ಆರು ಕುಬ್ಸಗಳಿದ್ದವು.